ಕೊನೆಯ ಮೂರು ಸಾಲು

"ಈ ಕವಿತೆಗೆ ಹೊಟ್ಟೆ ಬಂದಿದೆ."

ಅವಳು ಹಾಗಂದದ್ದೇ ತಡ, ಉದ್ದ ಮೇಜಿನ ಆ ತುದಿಯಲ್ಲಿ ಕೂತಿದ್ದ ಎತ್ತರದ ಹುಡುಗನ ಕಿವಿ ಕೆಂಪಾಯಿತು. ಅವಳಿಗದು ಕಾಣಿಸಲಿಲ್ಲ. ಅವಳ ಕಣ್ಣೆಲ್ಲ ಕೈಯಲ್ಲಿದ್ದ ಕಾಗದದ ಮೇಲೇ ಇತ್ತು.

"ಅಜ್ಜಿಯ ಊರುಗೋಲಿನ ಬಗ್ಗೆ ಬರೆಯೋಕೆ ಹೊರಟಿದ್ದಾರೆ. ಆದರೆ ದಾರಿಯಲ್ಲಿ ಸಿಕ್ಕಿದ ಕಾಗೆ, ನಾಯಿ, ಸೋರೋ ನಲ್ಲಿ, ಪಕ್ಕದ ಮನೆ ಜಗಳ... ಎಲ್ಲರನ್ನೂ ಹತ್ತಿಸಿಕೊಂಡಿದ್ದಾರೆ. ಕೊನೆಗೆ ಅಜ್ಜಿಗೇ ಸೀಟಿಲ್ಲ."

ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. ಎತ್ತರದ ಹುಡುಗನೂ ನಕ್ಕ. ನಗದೆ ಇನ್ನೇನು ಮಾಡುತ್ತಾನೆ? ಕವಿತೆ ಅವನದೇ. ಅಜ್ಜಿಯೂ ಅವನದೇ!

ಕವಿತೆ ಬರೆಯುವುದನ್ನು ಕಲಿಸುವ ಎಂ.ಎ. ತರಗತಿಯ ಮೊದಲನೇ ದಿನ ಅದು. ಹೌದು ರೀ, ಕವಿತೆ ಬರೆಯೋದಕ್ಕೂ ಯೂನಿವರ್ಸಿಟಿಯಲ್ಲಿ ಕ್ಲಾಸಿದೆ, ಹಾಜರಿ ಇದೆ, ಫೇಲಾಗುವ ಭಯವೂ ಇದೆ.

ಪಾಠ ಮಾಡುವ ಮೇಡಂ ಅವರದು ಎರಡೇ ನಿಯಮ. ಬರೆದವರ ಹೆಸರಿಲ್ಲದೆ ಕವಿತೆಯನ್ನು ಜೆರಾಕ್ಸ್ ಮಾಡಿ ಎಲ್ಲರಿಗೂ ಹಂಚುತ್ತಾರೆ. ಚರ್ಚೆ ಮುಗಿಯುವ ತನಕ ಬರೆದವರು ತುಟಿ ಬಿಚ್ಚಬಾರದು. ಎರಡನೆಯದು, ಕವಿತೆಯೊಳಗಿನ 'ನಾನು' ಯಾರು, 'ನೀನು' ಯಾರು ಅಂತ ಯಾರೂ ಕೇಳಬಾರದು. ಗೊತ್ತಿದ್ದರೂ ಹೇಳಬಾರದು. ನಿಯಮ ಮುರಿದವರ ಮುಂದೆ ಮೇಡಂ ಕೈಯಲ್ಲಿದ್ದ ಡಸ್ಟರ್ ಟಪ್ಪಂತ ಬೀಳುತ್ತಿತ್ತು, ಸುತ್ತಲೂ ಸೀಮೆಸುಣ್ಣದ ಧೂಳು.

ಕ್ಲಾಸು ಮುಗಿದು ಅವಳು ಮೆಟ್ಟಿಲಿಳಿಯುತ್ತಿದ್ದಾಗ ಆ ಎತ್ತರದ ಹುಡುಗ ಹಿಂದೆಯೇ ಬಂದ.

'ಬಂತಪ್ಪ ಗ್ರಹಚಾರ... ಇವನದೇ ಇರಬೇಕು ಆ ಅಜ್ಜಿ' ಅಂದುಕೊಂಡು ಅವಳು ಜಗಳಕ್ಕೆ ಟೊಂಕ ಕಟ್ಟಿ ನಿಂತಳು.

ಅವನು ಕಾಗದ ಮುಂದಕ್ಕೆ ಚಾಚಿದ. "ಇನ್ನೂ ಎಲ್ಲೆಲ್ಲಿ ತೆಗೀಬಹುದು, ತೋರಿಸ್ತೀರಾ? ಅಜ್ಜಿಗೆ ಸೀಟು ಕೊಡಿಸಬೇಕು."

ಅವಳು ಅವನ ಮುಖ ನೋಡಿದಳು. ವ್ಯಂಗ್ಯ ಇರಲಿಲ್ಲ. ನಿಜವಾಗಲೂ ಕೇಳುತ್ತಿದ್ದ.

'ಅಯ್ಯೋ... ಇಂಥವರೂ ಇರ್ತಾರಾ?'

ಆವತ್ತಿನಿಂದ ಕ್ಲಾಸಿನಲ್ಲಿ ಅವಳ ಹೆಸರು ಕತ್ತರಿ. ಅವನ ಹೆಸರು ಮಹಾಕಾವ್ಯ. ಹೆಸರಿಟ್ಟಿದ್ದು ಪ್ರಾಸಜ್ಜಿ. ನರ್ಸ್ ಕೆಲಸದಿಂದ ರಿಟೈರಾದ ಮೇಲೆ ಕವಿತೆ ಕಲಿಯಲು ಸೇರಿ, ಸಾಲು ಸಾಲಿಗೂ ಪ್ರಾಸ ಹೊಂದಿಸದಿದ್ದರೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದ ಹಿರಿಯ ವಿದ್ಯಾರ್ಥಿನಿ ಆಕೆ.

ಕತ್ತರಿಗೆ ಕತ್ತರಿಸುವುದು ಹೊಸದೇನಲ್ಲ. ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನು, ಗೋಡೆ ತುಂಬ ತೂಗುಹಾಕಿದ ಗಿರಾಕಿಗಳ ಬ್ಲೌಸು. ಮಾತು ಬರುವ ಮುಂಚೆಯೇ ಅವಳು ಅಂಚಿನ ನೂಲು ಕೀಳುವುದು ಕಲಿತಿದ್ದಳು. ಹೆಚ್ಚಿಗೆ ಬಟ್ಟೆ ಬಿಟ್ಟರೆ ಜೋಲುತ್ತೆ ಅನ್ನೋದು ಅಮ್ಮನ ಮಾತು. ಅಮ್ಮ ಮಾತಿನಲ್ಲೂ ಹಾಗೇ. ಮಗಳ ಮೇಲೆ ಎಷ್ಟು ಪ್ರೀತಿ ಇದ್ದರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಊಟ ಬಡಿಸಿ, "ತಿನ್ನು" ಅನ್ನುವಷ್ಟರಲ್ಲೇ ಎಲ್ಲ ಮುಗಿಸುತ್ತಿದ್ದಳು.

ಮಹಾಕಾವ್ಯ ಬೆಳಗ್ಗೆಲ್ಲ ಅಕ್ಕನ ದವಾಖಾನೆಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದ. ಅಕ್ಕ ಹಲ್ಲಿನ ಡಾಕ್ಟರ್. ಕೆನ್ನೆ ಊದಿಸಿಕೊಂಡು ಕಾಯುತ್ತಿದ್ದವರಿಗೆ ಇವನು ಕವಿತೆ ಓದಿ ಹೇಳುತ್ತಿದ್ದನಂತೆ. ಎದ್ದು ಓಡಿಹೋಗುವ ಸ್ಥಿತಿಯಲ್ಲಿ ಅವರ್ಯಾರೂ ಇರಲಿಲ್ಲ, ಅದಕ್ಕೇ ತನಗೆ ಇಷ್ಟು ಉದ್ದ ಬರೆಯೋ ಧೈರ್ಯ ಬಂತು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಸಂಜೆ ಜೆರಾಕ್ಸ್ ಅಂಗಡಿ ಪಕ್ಕದ ಮೆಟ್ಟಿಲ ಮೇಲೆ ಇಬ್ಬರೂ ಟೀ ಹಿಡಿದು ಕೂರುವುದು ರೂಢಿಯಾಯಿತು. ಅವನ ಕವಿತೆಯನ್ನು ಅವಳು ಕತ್ತರಿಸುವುದು. ಅವಳ ಕವಿತೆ ನೋಡಿ ಅವನು, ಇಷ್ಟೇನಾ, ಮಿಕ್ಕಿದ್ದು ಎಲ್ಲಿ ಅಂತ ಕೇಳುವುದು.

ಕತ್ತರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಯೋಚನೆ ಬಂದ ಕೂಡಲೇ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಬಿಡುತ್ತಿದ್ದಳು. ಆಮೇಲೆ ಮೇಜು, ಚೀಲ, ಕುರ್ಚಿ ಕೆಳಗೆ, ಎಲ್ಲ ಕಡೆ ಅದಕ್ಕಾಗಿ ಹುಡುಕಾಟ. ಇದು ಊರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ! ಮನೆಯಲ್ಲಿ ತುರುಬು ಬಿಚ್ಚಿದಾಗ ಪೆನ್ಸಿಲ್ ಉದುರಿದರೆ, ಬಸ್ಸಿನಲ್ಲಿ ಸಿಕ್ಕಿಸಿಕೊಂಡಿರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದಳು. ಮಹಾಕಾವ್ಯ ಒಂದು ದಿನವೂ 'ತಲೆಯಲ್ಲೇ ಇದೆಯಲ್ಲ' ಅನ್ನಲಿಲ್ಲ. ಜೇಬಿನಿಂದ ಇನ್ನೊಂದು ಪೆನ್ಸಿಲ್ ತೆಗೆದು ಕೊಡುತ್ತಿದ್ದ. ಅದಕ್ಕೆಂದೇ ಒಂದು ಪ್ಯಾಕೆಟ್ ಕೊಂಡಿಟ್ಟುಕೊಂಡಿದ್ದ.

ಒಂದು ದಿನ ಅವಳ ಕವಿತೆಯ ಸರದಿ. ಮೇಡಂ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಚೆನ್ನಾಗಿ ಹೊಲಿದಿದ್ದಾರೆ. ಒಂದು ನೂಲೂ ಹೊರಗಿಲ್ಲ. ಆದರೆ ಅಂಗಿಯೊಳಗೆ ಮನುಷ್ಯರೇ ಇಲ್ಲವಲ್ಲ?"

ನಿಯಮದ ಪ್ರಕಾರ ಅವಳು ಮಾತಾಡುವ ಹಾಗಿರಲಿಲ್ಲ. ತುಟಿ ಕಚ್ಚಿ ಕೂತಳು. ಮೆಟ್ಟಿಲಿಗೆ ಬಂದ ಮೇಲೆ ಅಳು ತಡೆಯಲಾಗಲಿಲ್ಲ. ಮಹಾಕಾವ್ಯ ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತ. ಅವಳ ಟೀ ಆರಿಹೋದಾಗ ಎದ್ದು ಹೋಗಿ ಬೇರೆ ತಂದ. ಬಹಳ ಹೊತ್ತಾದ ಮೇಲೆ ಇಷ್ಟೇ ಕೇಳಿದ:

"ನೀವು ಹೊಡೆದು ಹಾಕ್ತೀರಲ್ಲ ಸಾಲುಗಳು... ಅವನ್ನ ನನಗೆ ಕೊಡ್ತೀರಾ? ನಾನು ಓದ್ತೀನಿ."

ಅಷ್ಟೇ.

'ಅಯ್ಯೋ ದೇವರೇ... ನನಗೆ ಇವನು ಬೇಕು.'

ಹೇಳಿದಳಾ? ಎಲ್ಲಿ ಹೇಳ್ತಾಳೆ! ಹೇಳಿಬಿಟ್ಟರೆ ಪ್ರೀತಿ ಅಗ್ಗ ಆಗುತ್ತೆ ಅಂತ ನಂಬಿದ ಹುಡುಗಿ. "ಟೀಗೆ ಸಕ್ಕರೆ ಜಾಸ್ತಿಯಾಗಿದೆ" ಅಂದಳು.

* * *

ವರ್ಷ ಮುಗಿಯುತ್ತಾ ಬಂದಿತ್ತು. ಕೊನೆಯಲ್ಲಿ ಒಂದು ವಾಚನ ಇರುತ್ತದೆ. ತಿದ್ದಿದ ಕವಿತೆಯನ್ನು ಎಲ್ಲರೆದುರು ನಿಂತು ಓದಬೇಕು. ಓದದವರಿಗೆ ಅಂಕವಿಲ್ಲ, ವರ್ಷ ಹಾಳು. ಅದಕ್ಕೆ ಮುಂಚಿನ ಕೊನೆಯ ಚರ್ಚೆಯಲ್ಲಿ ಒಂದು ಕವಿತೆ ಬಂತು. ಹೆಸರಿಲ್ಲ. ಈ ಸಲ ಉದ್ದವೂ ಇಲ್ಲ.

ಪ್ರಾಸಜ್ಜಿ ಓದಿದರು:

ಮೇಜಿನ ಮೇಲಿಲ್ಲ, ಚೀಲದಲ್ಲಿಲ್ಲ,
ಕುರ್ಚಿಯ ಕೆಳಗೂ ಇಲ್ಲವೆಂದು
ಲೋಕವನ್ನೆಲ್ಲ ಬೈದು ಹುಡುಕುವವಳ
ತುರುಬಿನಲ್ಲೇ ಇದೆ ಪೆನ್ಸಿಲು.

ಹೇಳಿಬಿಡಲೇ? ಹೇಳಿದರೆ ಹುಡುಕುವುದು ನಿಲ್ಲಿಸುತ್ತೀಯ.
ಆದರೂ ಹೇಳುತ್ತೇನೆ, ಕೇಳು:
ನೀನೆಂದರೆ ನನಗಿಷ್ಟ.

ಕ್ಲಾಸು ಉಸಿರು ಬಿಗಿಹಿಡಿಯಿತು. ಒಬ್ಬರು ಇನ್ನೊಬ್ಬರ ಕಾಲು ತುಳಿದರು. ಎಲ್ಲರ ಕಣ್ಣೂ ಕತ್ತರಿಯ ಕಡೆ. ಆದರೆ ಡಸ್ಟರ್ ಹಿಡಿದ ಮೇಡಂ ಎದುರು ಕೂತಿದ್ದಾರೆ, 'ಇದು ನೀನೇ ಕಣೇ' ಅಂತ ಬಾಯಿ ಬಿಡೋರು ಯಾರು?

ಕತ್ತರಿ ಮಾತ್ರ ಶ್ರದ್ಧೆಯಿಂದ ಓದುತ್ತಿದ್ದಳು. ಗುರುತು ಹಾಕೋಣ ಅಂತ ಪೆನ್ಸಿಲಿಗಾಗಿ ಮೇಜು ತಡಕಾಡಿದಳು, ಚೀಲ ಕೊಡವಿದಳು, ಬಗ್ಗಿ ಕುರ್ಚಿ ಕೆಳಗೂ ನೋಡಿದಳು. ಪೆನ್ಸಿಲ್ ತುರುಬಿನಲ್ಲಿ ಸುಖವಾಗಿತ್ತು! ಪ್ರಾಸಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಮೊದಲ ನಾಲ್ಕು ಸಾಲು ಚೆನ್ನಾಗಿದೆ" ಅಂದಳು ಕತ್ತರಿ. "ಆ ಹುಡುಗಿ ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ. ಆದರೆ ಕೊನೆಯ ಮೂರು ಸಾಲು ಬೇಡ. ಇಷ್ಟ ಇದೆ ಅಂತ ನಮಗೆ ಗೊತ್ತಾಯ್ತಲ್ಲ, ಬಾಯಿಬಿಟ್ಟು ಯಾಕೆ ಹೇಳಬೇಕು? ಹೇಳಿದ ಕೂಡಲೇ ಬೆಲೆ ಕಡಿಮೆಯಾಗುತ್ತೆ. ಅವನ್ನು ತೆಗೆದು ಹಾಕಬೇಕು."

ಪ್ರಾಸಜ್ಜಿ ಹಣೆಗೆ ಕೈ ಒತ್ತಿಕೊಂಡರು.

ಮಹಾಕಾವ್ಯನ ಕಿವಿ ಈ ಸಲ ಕೆಂಪಾಗಲಿಲ್ಲ. ಮುಖ ಬಿಳಿಚಿಕೊಂಡಿತು. ಅವನಿಗೆ ತೋಚಿದ್ದು ಒಂದೇ ಅರ್ಥ. ಇಷ್ಟು ಸ್ಪಷ್ಟವಾಗಿ ಬರೆದಿದ್ದೀನಿ, ಅವಳಿಗೆ ಗೊತ್ತಾಗದೆ ಇರುತ್ತಾ? ಗೊತ್ತಾಗಿದೆ. ಎಲ್ಲರೆದುರು ಅವಮಾನ ಆಗದ ಹಾಗೆ, ಕ್ಲಾಸಿನ ಭಾಷೆಯಲ್ಲೇ, ಮರ್ಯಾದೆಯಾಗಿ 'ಬೇಡ' ಅಂದಿದ್ದಾಳೆ.

ಅವನು ಕೊನೆಯ ಮೂರು ಸಾಲಿನ ಮೇಲೆ ಗೆರೆ ಎಳೆದ. ಚರ್ಚೆ ಮುಗಿದ ಮೇಲೂ ಏನೂ ಹೇಳದೆ ಎದ್ದು ಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಎತ್ತಲಿಲ್ಲ. ಕೆಲಸ ಇದೆ ಅಂತ ಒಂದು ಮೆಸೇಜ್ ಬಂತು. ಮಹಾಕಾವ್ಯನಿಂದ ಎರಡೇ ಪದ!

ಅವನದೇ ಕವಿತೆ ಅಂತ ಅವಳಿಗೆ ಆಗಲೇ ಹೊಳೆದದ್ದು. ಜೊತೆಗೆ ಕೋಪವೂ ಬಂತು.

'ಹೋಗಲಿ ಅಂದ್ರೆ... ಮೂರು ಸಾಲು ತೆಗೀರಿ ಅಂದಿದ್ದಕ್ಕೆ ಇಷ್ಟು ಮುನಿಸಾ? ಯಾರನ್ನೋ ಇಷ್ಟಪಟ್ಟು ಬರೆದಿದ್ದಾನೆ, ಅದಕ್ಕೇ ಅಷ್ಟು ಉರಿ.'

ಆ 'ಯಾರನ್ನೋ' ಅನ್ನುವಲ್ಲಿ ಅವಳಿಗೂ ಉರಿಯಿತು. ಯಾವಳವಳು ತುರುಬಿನಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಹುಡುಕುವ ಪೆದ್ದಿ ಅಂತ ರಾತ್ರಿಯೆಲ್ಲ ಯೋಚಿಸಿದಳು. ಕೊನೆಗೆ ತಡೆಯಲಾರದೆ ಮೆಸೇಜ್ ಕಳಿಸಿಯೇಬಿಟ್ಟಳು: "ವಿಮರ್ಶೆ ತಡೆದುಕೊಳ್ಳೋಕೆ ಆಗದವರು ಕವಿತೆ ಬರೆಯಬಾರದು."

ವಾಚನದ ಹಿಂದಿನ ದಿನ ಮೇಡಂ ಅವಳನ್ನು ಕರೆದರು. ವಾಚನಕ್ಕೆ ಬರಲ್ಲ ಅಂತ ಅವನು ಹೇಳಿದ್ದಾನೆ, ಒಂದು ವರ್ಷದ ಶ್ರಮ ನೀರುಪಾಲಾಗುತ್ತೆ, ನೀನಾದರೂ ಹೋಗಿ ಬುದ್ಧಿ ಹೇಳಮ್ಮ ಅಂದರು. ಪ್ರಾಸಜ್ಜಿ ಬಾಗಿಲಲ್ಲಿ ನಿಂತು ಅವಳ ತುರುಬನ್ನೇ ನೋಡಿ ನಿಟ್ಟುಸಿರು ಬಿಟ್ಟರು.

ಅವನಿಲ್ಲದ ಮೆಟ್ಟಿಲ ಮೇಲೆ ಕೂತಾಗ ಕತ್ತರಿಗೆ ಕೋಪವೆಲ್ಲ ಇಳಿದು ಬರೀ ಭಯ ಉಳಿಯಿತು. ಓದು ನಿಲ್ಲಿಸಿ ಹೋದರೆ ಅವನು ಇನ್ನು ಈ ಕಡೆ ಬರಲ್ಲ. ಬರೆಯೋದನ್ನೂ ಬಿಡುತ್ತಾನೆ. ತಾನು ಹೊಡೆದು ಹಾಕಿದ ಸಾಲುಗಳನ್ನು ಕೇಳಿ ಪಡೆದಿದ್ದ ಒಬ್ಬನೇ ಒಬ್ಬ ಮನುಷ್ಯ... ಅವನನ್ನೂ ತಾನೇ ಹೊಡೆದು ಹಾಕಿದಂತಾಯಿತಲ್ಲ!

ಹೇಗೂ ದವಡೆ ಹಲ್ಲು ವಾರದಿಂದ ನೋಯುತ್ತಿತ್ತು. ನೆಪ ಸಾಕಾಯಿತು.

* * *

ದವಾಖಾನೆಯ ಕೌಂಟರ್ ಖಾಲಿಯಿತ್ತು. ಒಳಗಿನಿಂದ ದುಂಡು ಮುಖದ ಡಾಕ್ಟರಕ್ಕ ಇಣುಕಿದರು.

"ಬಾಮ್ಮ, ಕೂತ್ಕೋ. ನನ್ನ ತಮ್ಮ ಔಷಧಿ ತರೋಕೆ ಹೋಗಿದ್ದಾನೆ, ಹೆಸರು ಆಮೇಲೆ ಬರೆಸಿದ್ರಾಯ್ತು."

ಕತ್ತರಿ ತಾನ್ಯಾರು ಅಂತ ಹೇಳಲು ಬಾಯಿ ತೆರೆದಳು. ತೆರೆದ ಬಾಯಿಗೆ ಡಾಕ್ಟರಕ್ಕ ಕನ್ನಡಿ ಹಾಕಿದರು. ಆಮೇಲೆ ಇಂಜೆಕ್ಷನ್, ಆಮೇಲೆ ಹತ್ತಿ. ಮುಗಿಯಿತು, ಇನ್ನು ಅವಳಿಗೆ ಮಾತಿಲ್ಲ.

ಹಲ್ಲಿನ ಡಾಕ್ಟರುಗಳಿಗೆ ಒಂದು ಚಾಳಿ. ರೋಗಿಯ ಬಾಯಿ ತುಂಬಿದ ಮೇಲೇ ಅವರಿಗೆ ಮಾತು ಶುರುವಾಗುವುದು.

"ಏನು ಓದ್ತಿದ್ದೀಯಮ್ಮ? ಯೂನಿವರ್ಸಿಟಿನಾ? ನನ್ನ ತಮ್ಮನೂ ಅಲ್ಲೇ. ಏನು ಹೇಳಲಿ ಅವನ ಕಥೆ... ಒಂದು ಹುಡುಗೀನ ಇಷ್ಟಪಟ್ಟ. ಬಾಯಲ್ಲಿ ಹೇಳೋಕೆ ಧೈರ್ಯ ಇಲ್ಲ, ಕವಿತೆ ಬರೆದ. ಇಲ್ಲಿ ಕಾಯ್ತಿದ್ದೋರಿಗೆಲ್ಲ ಓದಿದ. ಕೊನೇ ಮೂರು ಸಾಲು ಬಂದಾಗ ಹಲ್ಲು ಕೀಳಿಸಿಕೊಂಡೋರೂ ನಕ್ಕರು. ಅಷ್ಟು ಚೆನ್ನಾಗಿತ್ತು."

"ಆಂ... ಆಂ..." ಅಂದಳು ಕತ್ತರಿ.

"ನೋವಾಯ್ತಾ? ಸ್ವಲ್ಪ ತಡ್ಕೋ. ಆ ಹುಡುಗಿ ಏನು ಮಾಡಿದಳು ಗೊತ್ತಾ? ಎಲ್ಲರೆದುರಿಗೇ, ಆ ಮೂರು ಸಾಲೇ ಬೇಡ ಅಂದಳಂತೆ. ನನಗೆ ನೀನು ಬೇಡ ಅಂತ ಹೇಳೋ ರೀತಿ ಅದು ಅಂತಾನೆ ಇವನು. ಆವತ್ತಿಂದ ಊಟ ಸರಿಯಿಲ್ಲ. ಅಷ್ಟು ಉದ್ದ ಮಾತಾಡೋನು ಈಗ ಹೂಂ, ಉಹೂಂ ಅಷ್ಟೇ."

ಕತ್ತರಿಯ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

'ನಾನಾ? ಆ ಪೆದ್ದಿ ನಾನಾ...?'

"ಅಳಬೇಡಮ್ಮ, ಫಿಲ್ಲಿಂಗ್ ಮುಗೀತಾ ಬಂತು. ತಲೆ ಯಾಕೆ ಅಷ್ಟು ಅಲ್ಲಾಡಿಸ್ತೀಯ? ಹಿಂದೆ ಏನೋ ಒತ್ತುತ್ತಿದೆಯಾ?" ಡಾಕ್ಟರಕ್ಕ ಅವಳ ತಲೆ ಎತ್ತಿ ತುರುಬಿಗೆ ಕೈ ಹಾಕಿದರು. ಕೈಗೆ ಪೆನ್ಸಿಲ್ ಬಂತು.

ಡಾಕ್ಟರಕ್ಕ ಪೆನ್ಸಿಲ್ ನೋಡಿದರು. ತುರುಬು ನೋಡಿದರು. ಕತ್ತರಿಯ ಮುಖ ನೋಡಿದರು. ಮುಖಕ್ಕೆ ಕಟ್ಟಿದ್ದ ಮಾಸ್ಕನ್ನು ನಿಧಾನವಾಗಿ ಗಲ್ಲದ ಕೆಳಗಿಳಿಸಿದರು.

"ಅಯ್ಯೋ ನನ್ನ ತಾಯಿ... ನೀನೇನಾ?"

ಕತ್ತರಿ ಹತ್ತಿ ತುಂಬಿದ ಬಾಯಲ್ಲೇ ಹೌದೆಂದು ತಲೆಯಾಡಿಸಿದಳು, ಆಮೇಲೆ ಇಲ್ಲವೆಂದೂ ಆಡಿಸಿದಳು, ಪೆನ್ಸಿಲ್ ತೋರಿಸಿ ತನ್ನ ಹಣೆ ತಾನೇ ಚಚ್ಚಿಕೊಂಡಳು. ಡಾಕ್ಟರಕ್ಕ ಜಾಣೆ. ಎಲ್ಲ ಅರ್ಥವಾಯಿತು.

"ನಿನಗೆ ಗೊತ್ತೇ ಇರಲಿಲ್ವಾ, ಅಲ್ಲೇ ಸಿಕ್ಕಿಸ್ಕೋತೀಯ ಅಂತ?"

ಅಷ್ಟರಲ್ಲಿ ಹೊರಗೆ ಬಾಗಿಲ ಸದ್ದು. ಔಷಧಿ ಪೊಟ್ಟಣ ಹಿಡಿದು ಮಹಾಕಾವ್ಯ ಒಳಗೆ ಬಂದವನು ಕುರ್ಚಿಯಲ್ಲಿ ಕೂತವಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಡಾಕ್ಟರಕ್ಕ ಕತ್ತರಿಯ ಬಾಯಿಂದ ಹತ್ತಿ ತೆಗೆದು, ಪೆನ್ಸಿಲನ್ನು ಟ್ರೇಯಲ್ಲಿಟ್ಟು, ಕೈಗವಸು ಕಳಚಿದರು. ಎರಡು ಗಂಟೆ ತುಟಿ ಮರಗಟ್ಟಿರುತ್ತೆ, ಏನೂ ತಿನ್ನಬೇಡ, ಆದರೆ ಮಾತಾಡಬಹುದು ಅಂದು, ಹೊರಗೆ ಹೋಗಿ ಬಾಗಿಲೆಳೆದುಕೊಂಡರು.

ಅವನು ಏನೋ ಹೇಳಲು ಹೊರಟ. ಅವಳು ಕೈ ಅಡ್ಡ ಹಿಡಿದಳು.

"ಮಾತಾಡಬೇಡಿ. ಬರೆದವರು ಮಾತಾಡೋ ಹಾಗಿಲ್ಲ. ಚರ್ಚೆ ಮುಗಿದಿಲ್ಲ."

ಅವಳ ಬಾಯಿಂದ ಹೊರಬಿದ್ದದ್ದನ್ನು ಇದ್ದ ಹಾಗೇ ಬರೆದರೆ ನಿಮಗೆ ಒಂದಕ್ಷರ ತಿಳಿಯುವುದಿಲ್ಲ. ಅರ್ಧ ತುಟಿ ಸತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ, ಬಾಯಿಯ ಒಂದು ಮೂಲೆಯಿಂದ ಜೊಲ್ಲು. ಆದ್ದರಿಂದ ನಾನೇ ಇಸ್ತ್ರಿ ಮಾಡಿ ಕೊಡ್ತಿದ್ದೀನಿ. ಒಂದೊಂದು ಪದಕ್ಕೂ ಒಂದೊಂದು ದಿನ ಯೋಚಿಸುತ್ತಿದ್ದ ಹುಡುಗಿ ಆವತ್ತು ಒಂದು ಮಾತನ್ನೂ ಕತ್ತರಿಸಲಿಲ್ಲ.

"ನನಗೆ ಗೊತ್ತಿರಲಿಲ್ಲ. ಆ ಪೆದ್ದಿ ನಾನೇ ಅಂತ ಗೊತ್ತಿರಲಿಲ್ಲ. ನೀವು ಬೇಡ ಅಂದಿದ್ದಲ್ಲ ನಾನು, ಸಾಲು ಬೇಡ ಅಂದಿದ್ದು. ಅದೂ ತಪ್ಪು. ಹೇಳಿದ್ರೆ ಬೆಲೆ ಕಡಿಮೆಯಾಗುತ್ತೆ ಅಂದೆನಲ್ಲ, ಅದು ವಿಮರ್ಶೆ ಅಲ್ಲ, ನನ್ನ ಹೆದರಿಕೆ. ನಮ್ಮನೇಲಿ ಯಾರೂ ಹೇಳಲ್ಲ. ನಾನೂ ಹೇಳಿರಲಿಲ್ಲ. ನೀವು ಆವತ್ತು ಟೀ ಬದಲಾಯಿಸಿ ತಂದ್ರಲ್ಲ, ಆಗಲೇ ಹೇಳಬೇಕಿತ್ತು. ಸಕ್ಕರೆ ಜಾಸ್ತಿ ಅಂದೆ. ಸಕ್ಕರೆ ಸರಿಯಾಗೇ ಇತ್ತು. ನನಗೆ ನೀವಂದ್ರೆ ಇಷ್ಟ. ಆ ಮೆಟ್ಟಿಲ ಮೇಲೆ ಒಬ್ಬಳೇ ಕೂರೋಕೆ ನನ್ನಿಂದ ಆಗಲ್ಲ. ನೀನು ಬೇಕು ನನಗೆ. ಬೇಕು ಅಂದ್ರೆ ಬೇಕು."

ಕೊನೆಗೆ 'ನೀವು' ಹೋಗಿ 'ನೀನು' ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಈಗ ನೋಡಬೇಕಿತ್ತು ಆ ಕಿವಿಗಳನ್ನು!

ಹೊರಗಿನಿಂದ ಡಾಕ್ಟರಕ್ಕನ ಉಸಿರಾಟವೂ ಕೇಳಿಸಲಿಲ್ಲ, ಅಷ್ಟು ಕಿವಿಗೊಟ್ಟು ನಿಂತಿದ್ದರು ಆಕೆ.

"ಚರ್ಚೆ ಮುಗೀತಾ?" ಅವನು ಕೇಳಿದ. "ನಾನೀಗ ಮಾತಾಡಬಹುದಾ?"

ಅವಳು ತಲೆಯಾಡಿಸಿದಳು.

ಅವನು ಹತ್ತಿರ ಬಂದ. ಮೊದಲು ಒಂದು ತುಂಡು ಹತ್ತಿ ತೆಗೆದು ಅವಳ ಬಾಯಿಯ ಅಂಚು ಒರೆಸಿದ. ಆಮೇಲೆ, ಕಾಗದವಿಲ್ಲದೆ, ಗೆರೆ ಎಳೆದಿದ್ದ ಆ ಮೂರು ಸಾಲನ್ನೂ ಹೇಳಿದ. ಕೊನೆಯ ಸಾಲನ್ನು ಎರಡು ಸಲ ಹೇಳಿದ.

"ಎರಡು ಸಲ ಯಾಕೆ?" ಅವಳು ಅಳುತ್ತಲೇ ನಕ್ಕಳು. ನಗು ಒಂದೇ ಪಕ್ಕಕ್ಕೆ ಬಂತು.

"ನನ್ನ ಹೆಸರೇ ಮಹಾಕಾವ್ಯ. ಉದ್ದ ಆಗೋದು ಸಹಜ."

ನಾಳೆ ವಾಚನಕ್ಕೆ ಬರ್ತೀಯಲ್ಲ ಅಂತ ಅವಳು ಕೇಳಿದಳು. ಬರ್ತೀನಿ ಅಂದ. ಆ ಮೂರು ಸಾಲನ್ನೂ ಓದಬೇಕು ಅಂದಳು. ಓದ್ತೀನಿ ಅಂದ, ಆದರೆ ನೀನು ಮುಂದಿನ ಸಾಲಿನಲ್ಲಿ ಕೂರಬೇಕು ಅಂದ. ಕೂರ್ತೀನಿ, ಮೇಡಂ ಡಸ್ಟರ್ ಕುಟ್ಟಿದರೂ ಸರಿ, ಅವಳು ನಾನೇ ಅಂತ ಕೈ ಎತ್ತುತ್ತೀನಿ ಅಂದಳು.

ಅವನು ಟ್ರೇಯಲ್ಲಿದ್ದ ಪೆನ್ಸಿಲನ್ನು ತೆಗೆದುಕೊಂಡ. ಅವಳ ಸಡಿಲಗೊಂಡ ತುರುಬಿನಲ್ಲಿ, ಅದು ಮೊದಲಿದ್ದ ಜಾಗದಲ್ಲೇ, ಮೆಲ್ಲಗೆ ಸಿಕ್ಕಿಸಿದ.

"ಇನ್ನೇನಾದರೂ ತೆಗೆಯೋದಿದ್ರೆ ಈಗಲೇ ಹೇಳು" ಅಂದ. "ಗುರುತು ಹಾಕಿಕೊಡು."

ಅವಳು ಕುರ್ಚಿಯ ಮೇಲೆ ಕೈಯಾಡಿಸಿದಳು. ಚೀಲ ತೆರೆದು ನೋಡಿದಳು. ಬಗ್ಗಿ ಕುರ್ಚಿಯ ಕೆಳಗೂ ನೋಡಿದಳು. ಆಮೇಲೆ ಅವನ ಕಡೆ ತಿರುಗಿ, ಅರ್ಧ ತುಟಿಯಲ್ಲೇ ನಕ್ಕಳು.

"ನನ್ನ ಪೆನ್ಸಿಲ್ ಕಾಣ್ತಿಲ್ಲ ಕಣೋ."

"ಹೌದಾ?" ಅಂದ ಅವನು, ಅವಳ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂರುತ್ತಾ. "ಇರಲಿ ಬಿಡು. ನಿಧಾನವಾಗಿ ಹುಡುಕೋಣ."